ಸಂಶೋಧನೆ

ಸಂಸ್ಕೃತದ ‘ಶುಧ್’ ಧಾತುವಿಗೆ ಶುದ್ಧವಾಗು ಎಂದು ಅರ್ಥ. ಅದರಿಂದ ಬಂದ ‘ಶೋಧನ’ಕ್ಕೆ, ಚೆನ್ನಾಗಿ ಎಂಬ ಅರ್ಥದ ‘ಸಮ್’ ಸೇರಿ ‘ಸಂಶೋಧನ’ವಾಯಿತು, ಕನ್ನಡದಲ್ಲಿ ‘ಸಂಶೋಧನೆ’. ಕೊಳೆ ಕಳೆದು ಶುಚಿ ಮಾಡುವುದೇ ಇದರ ಮೂಲಾರ್ಥ. ನಮ್ಮ ಅಡುಗೆಮನೆಯಲ್ಲಿ ಆ ಅರ್ಥ ಇನ್ನೂ ಜೀವಂತ: ಕಷಾಯವನ್ನು ಬಟ್ಟೆಯಲ್ಲಿ ಶೋಧಿಸಿದರೆ ಚರಟ ಮೇಲುಳಿದು ತಿಳಿ ಕೆಳಗಿಳಿಯುತ್ತದೆ.

ಹಿಂದಿಯಲ್ಲಿ ‘ಸಂಶೋಧನ್’ ಎಂದರೆ ತಿದ್ದುಪಡಿ. ಸಂವಿಧಾನದ ತಿದ್ದುಪಡಿಗೂ ಅಲ್ಲಿ ಅದೇ ಪದ. ಕನ್ನಡ, ಮರಾಠಿಗಳಲ್ಲಿ ಅದು ಹೊಸ ಅರಿವಿನ ಹುಡುಕಾಟವಾಗಿ ಬೆಳೆಯಿತು. ಎಂಜಿನಿಯರಿಂಗ್, ಕಂಪ್ಯೂಟರ್ ವಿಜ್ಞಾನ, ಅರ್ಥಶಾಸ್ತ್ರ ಎಲ್ಲದರ ಹುಡುಕಾಟಕ್ಕೂ ನಾವು ಬಳಸುವುದು ಈ ಪದವನ್ನೇ.

ದತ್ತಾಂಶ ವಿಶ್ಲೇಷಣೆಯ ಕೆಲಸಕ್ಕೆ ಕೂತವರಿಗೆ ಮೂಲಾರ್ಥ ಮತ್ತೆ ಎದುರಾಗುತ್ತದೆ. ಗ್ರಾಹಕರ ಪಟ್ಟಿಯಲ್ಲಿ ‘ಮೈಸೂರು’, ‘ಮೈಸೂರ್’, ‘ಮಯಸೂರು’ ಎಂದು ಒಂದೇ ಊರು ಮೂರಾಗಿರುತ್ತದೆ. ವಯಸ್ಸಿನ ಕಾಲಂನಲ್ಲಿ 220 ಎಂದಿರುತ್ತದೆ. ಇವನ್ನು ತಿದ್ದದೆ ಲೆಕ್ಕ ಹಾಕಿದರೆ ಎಷ್ಟೇ ಒಳ್ಳೆಯ ಸೂತ್ರವಾದರೂ ದಾರಿ ತಪ್ಪಿಸುತ್ತದೆ. ಮೊದಲು ಶೋಧಿಸಬೇಕು, ಆಮೇಲೆ ಹುಡುಕಬೇಕು. ಆ ಎರಡೂ ಹೆಜ್ಜೆಗಳು ಈ ಒಂದೇ ಪದದಲ್ಲಿವೆ; ಕೆಲಸ ಶುರು ಮಾಡುವ ಪ್ರತಿ ವಿದ್ಯಾರ್ಥಿಯೂ ಇದನ್ನು ನೆನಪಿಟ್ಟುಕೊಳ್ಳಬೇಕು.