ಗ್ರಂಥಕರ್ತರೇ ಅಕ್ಷರ ಜೋಡಿಸಿದ ಕಥೆ

ಬಡಗಿ ತನ್ನ ಉಳಿಗೆ ತಾನೇ ಹಿಡಿ ಹಾಕಿಕೊಳ್ಳುತ್ತಾನೆ. ಅದು ತನ್ನ ಕೈಗೆ ಹೊಂದಬೇಕೆಂಬುದಷ್ಟೇ ಅವನ ಯೋಚನೆ; ಊರಿಗೆಲ್ಲ ಹಿಡಿ ಮಾಡಿಕೊಡಬೇಕೆಂದಲ್ಲ. ಗ್ರಂಥ ಬರೆಯುವವರಲ್ಲಿ ಈ ವಾಡಿಕೆ ಕಡಿಮೆ. ಬರೆದುದನ್ನು ಅಚ್ಚುಕೂಟಕ್ಕೆ ಕಳುಹಿಸುತ್ತಾರೆ. ಕರಡಚ್ಚು ಬಂದರೆ ತಪ್ಪುಗಳನ್ನು ತಿದ್ದಿ, ಗೊಣಗುತ್ತ ಹಿಂದಿರುಗಿಸುತ್ತಾರೆ. ಕರಡಚ್ಚು ಮನಸ್ಸಿಗೆ ಬಾರದೆ ಹೋದುದಕ್ಕಾಗಿ ಅಚ್ಚಿನ ವಿದ್ಯೆಯನ್ನೇ ಬುಡದಿಂದ ಕಟ್ಟಹೊರಟ ಗ್ರಂಥಕರ್ತರೊಬ್ಬರ ವೃತ್ತಾಂತವನ್ನು ಇಲ್ಲಿ ಹೇಳಲಿದ್ದೇವೆ. ಕನ್ನಡ ಮೊಳೆಗಳಿರುವ ಅಚ್ಚುಕೂಟವನ್ನು ಹುಡುಕಿಕೊಂಡು ಪರಭಾಷೆಯ ನಗರದಲ್ಲಿ ಅಲೆದ ಹಿರಿಯರು ನಮ್ಮ ಸಂಘದಲ್ಲಿದ್ದರು. ಆದುದರಿಂದ ಈ ಕಥೆ ರಾಜ್ಯೋತ್ಸವದ ಸಂಚಿಕೆಗೆ ತೀರ ಹೊರಗಿನದೆಂದು ವಾಚಕರು ಭಾವಿಸಲಾರರು.

ಡೊನಾಲ್ಡ್ ಕ್ನೂತ್ ಅವರು ಹುಟ್ಟಿದ್ದು 1938ರಲ್ಲಿ, ಅಮೆರಿಕದ ಮಿಲ್ವಾಕಿ ನಗರದಲ್ಲಿ. ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವ ಕಲೆಯ ಮೇಲೆ ಏಳು ಸಂಪುಟಗಳ ಮಹಾಗ್ರಂಥವೊಂದನ್ನು ಅವರು ಯೋಜಿಸಿದ್ದರು. ಮೊದಲನೆಯ ಸಂಪುಟ 1968ರಲ್ಲಿ, ಎರಡನೆಯದು 1969ರಲ್ಲಿ, ಮೂರನೆಯದು 1973ರಲ್ಲಿ ಪ್ರಕಟವಾದುವು. ಇವನ್ನು ಸೀಸವನ್ನು ಕಾಯಿಸಿ ಎರಕ ಹೊಯ್ದ ಮೊನೋಟೈಪ್ ಮೊಳೆಗಳಿಂದ ಜೋಡಿಸಿದ್ದರು. ಗಣಿತದ ಸೂತ್ರಗಳನ್ನು ಹೀಗೆ ಜೋಡಿಸುವುದು ನುರಿತ ಕೈಗಳ ಕೆಲಸ. ಘಾತದ ಅಂಕಿ ಎಷ್ಟು ಮೇಲೇರಬೇಕು, ಭಾಗಿಸುವ ಗೆರೆ ಎಷ್ಟು ಉದ್ದವಿರಬೇಕು ಎಂಬುದನ್ನು ಆ ಕುಶಲಿಗಳು ಕಣ್ಣಳತೆಯಿಂದಲೇ ಬಲ್ಲವರಾಗಿದ್ದರು.

ಎರಡನೆಯ ಸಂಪುಟವನ್ನು ತಿದ್ದಿ ಮರುಮುದ್ರಿಸುವ ಕಾಲಕ್ಕೆ ಆ ವೃತ್ತಿಯೇ ಅಳಿಯುತ್ತ ಬಂದಿತ್ತು. ಸೀಸದ ಕೆಲಸ ದುಬಾರಿಯಾಗಿ, ಛಾಯಾಚಿತ್ರದ ಕ್ರಮದಿಂದ ಅಕ್ಷರ ಮೂಡಿಸುವ ಯಂತ್ರಗಳು ಬಂದಿದ್ದವು. 1977ರ ಮಾರ್ಚ್ ತಿಂಗಳಲ್ಲಿ ಹೊಸ ಕರಡಚ್ಚು ಕ್ನೂತ್ ಅವರ ಕೈಸೇರಿತು. ಅದನ್ನು ನೋಡಿ ಅವರಿಗೆ ಬಹಳ ಬೇಸರವಾಯಿತು. ಅಕ್ಷರಗಳ ನಡುವಣ ಅಂತರ ಕೆಟ್ಟಿತ್ತು, ಹಿಂದಿನ ಅಂದ ಹೋಗಿತ್ತು. ಇಂಥ ಪುಸ್ತಕವನ್ನು ಬರೆಯುವ ಉತ್ಸಾಹವಾದರೂ ಎಲ್ಲಿಂದ ಬರಬೇಕು?

ಇದಕ್ಕೆ ಸ್ವಲ್ಪ ಮೊದಲು ಅವರು ಇನ್ನೊಂದು ಪುಸ್ತಕದ ಕರಡನ್ನು ನೋಡಿದ್ದರು. ಅದರ ಅಕ್ಷರಗಳು ಸೀಸದವೂ ಅಲ್ಲ, ಛಾಯಾಚಿತ್ರದವೂ ಅಲ್ಲ. ಒಂದು ಅಂಗುಲಕ್ಕೆ ಸಾವಿರಕ್ಕೂ ಹೆಚ್ಚು ಚುಕ್ಕೆಗಳನ್ನಿಟ್ಟು ಗಣಕವು ಬರೆದಂಥವು. ಚುಕ್ಕೆಯುಂಟು ಅಥವಾ ಇಲ್ಲ, ಮಸಿಯುಂಟು ಅಥವಾ ಇಲ್ಲ: ಎಲ್ಲವೂ ಒಂದು ಮತ್ತು ಸೊನ್ನೆಯ ಲೆಕ್ಕ. ಹಾಗಾದರೆ ಇದು ಲೋಹದ ವಿದ್ಯೆಯಲ್ಲ, ತಮ್ಮದೇ ವಿದ್ಯೆ ಎಂದು ಅವರಿಗೆ ಹೊಳೆಯಿತು. ಮೇ ತಿಂಗಳಲ್ಲಿ ಹೊಸ ಸಾಧನದ ಮೊದಲ ಟಿಪ್ಪಣಿಯನ್ನು ಬರೆದರು. ಕೌಶಲವೆಂಬ ಅರ್ಥದ ಗ್ರೀಕ್ ಪದದ ಮೊದಲ ಮೂರು ಅಕ್ಷರಗಳನ್ನು ತೆಗೆದು ಅದಕ್ಕೆ ‘ಟೆಖ್’ ಎಂದು ಹೆಸರಿಟ್ಟರು. ಕೊನೆಯ ಅಕ್ಷರವನ್ನು ಗಂಟಲಿನಿಂದ ಉಚ್ಚರಿಸಬೇಕೆಂಬುದು ಅವರ ಪಟ್ಟು. ಬರೆಯುವಾಗ ಇಂಗ್ಲಿಷಿಗಿಂತ ನಮ್ಮ ಲಿಪಿಯೇ ಅದಕ್ಕೆ ಹತ್ತಿರ ಬರುತ್ತದೆ.

ಆ ಬೇಸಿಗೆಯಲ್ಲಿ ಟಿಪ್ಪಣಿಯನ್ನು ಇಬ್ಬರು ಶಿಷ್ಯರ ಕೈಗೆ ಕೊಟ್ಟು ಅವರು ಚೀನಾ ಪ್ರವಾಸಕ್ಕೆ ಹೊರಟರು. ಹಿಂದಿರುಗಿದಾಗ ಶಿಷ್ಯರು ಒಂದು ಭಾಗವನ್ನು ನಡೆಯುವಂತೆ ಮಾಡಿದ್ದರು. ಆದರೆ ಮುಂದಿನದನ್ನು ತಾವೇ ಬರೆಯಲು ಕುಳಿತಾಗ, ಪ್ರತಿ ಹೆಜ್ಜೆಗೂ ಟಿಪ್ಪಣಿಯಲ್ಲಿ ಉತ್ತರವಿಲ್ಲದ ಪ್ರಶ್ನೆಗಳು ಎದ್ದುವು. ಶಿಷ್ಯರು ಪಟ್ಟ ಪಾಡು ಆಗ ಅವರಿಗೆ ತಿಳಿಯಿತು. ಸಾಧನವನ್ನು ಕಲ್ಪಿಸಿದವನೇ ಅದನ್ನು ಕಟ್ಟಬೇಕು, ಮೊದಲು ಬಳಸಬೇಕು, ಅದರ ಕೈಪಿಡಿಯನ್ನೂ ಬರೆಯಬೇಕು ಎಂಬ ತೀರ್ಮಾನಕ್ಕೆ ಬಂದರು. ನಮ್ಮ ಮಟ್ಟಿಗೆ ಈ ಇತಿಹಾಸದ ತಿರುಳು ಇಲ್ಲಿದೆ. ನೋವು ಯಾರದೋ, ಮದ್ದು ಅರೆಯುವವರು ಇನ್ಯಾರೋ ಆದಾಗ ಅಳತೆ ತಪ್ಪುತ್ತದೆ.

ಟೆಖ್‌ನ ಒಳಗಿನ ಉಪಾಯ ಸರಳವಾದದ್ದು. ಪ್ರತಿ ಅಕ್ಷರವೂ ಒಂದು ಪೆಟ್ಟಿಗೆ. ಪದಗಳ ನಡುವೆ ಹಿಗ್ಗಿ ಕುಗ್ಗುವ ಅಂಟು. ಮೊಳೆ ಜೋಡಿಸುವವನು ಒಂದು ಸಾಲು ಮುಗಿಸಿ ಮುಂದಿನದಕ್ಕೆ ಹೋಗುತ್ತಾನೆ. ಟೆಖ್ ಹಾಗಲ್ಲದೆ ಇಡೀ ಪರಿಚ್ಛೇದವನ್ನು ಒಟ್ಟಿಗೆ ನೋಡಿ, ಎಲ್ಲೆಲ್ಲಿ ಸಾಲು ಮುರಿದರೆ ಒಟ್ಟು ಅಂದಗೇಡು ಕಡಿಮೆಯಾದೀತೆಂದು ಲೆಕ್ಕ ಹಾಕುತ್ತದೆ. ಅದರ ಅತಿ ಕಿರಿಯ ಅಳತೆ ಅಚ್ಚಿನ ಒಂದು ಪಾಯಿಂಟಿನ 65,536ನೆಯ ಒಂದು ಪಾಲು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದಕ್ಕಿಂತಲೂ ಕಿರಿದು!

ಅಕ್ಷರಗಳ ಆಕಾರವನ್ನು ಬರೆಯಲು ಮೆಟಾಫಾಂಟ್ ಎಂಬ ಮತ್ತೊಂದು ಸಾಧನ ಬೇಕಾಯಿತು. ಇಲ್ಲಿ ಅವರನ್ನು ಬಹಳ ಕಾಡಿದ್ದು ಇಂಗ್ಲಿಷಿನ ‘ಎಸ್’ ಅಕ್ಷರ. ಅದರ ನಡುವಣ ಬಾಗು ಯಾವ ಗಣಿತಕ್ಕೂ ಬಗ್ಗದೆ ಹೋಯಿತು. ವಿಫಲ ಚಿತ್ರಗಳನ್ನು ಕಂಡ ಅವರ ಪತ್ನಿ, ‘ಎಸ್’ ಆಕಾರದಲ್ಲಿಯೇ ಬರೆಯಬಾರದೇಕೆ ಎಂದು ಕೇಳಿದರಂತೆ. ನಮ್ಮ ‘ಶ’, ‘ಕ್ಷ’ಗಳು ಅವರ ಪಾಲಿಗೆ ಬಂದಿದ್ದರೆ ಆ ಸಾಧ್ವಿ ಏನೆನ್ನುತ್ತಿದ್ದರೋ!

ಕೆಲವು ತಿಂಗಳಲ್ಲಿ ಮುಗಿದೀತೆಂದಿದ್ದ ಕೆಲಸ ವರ್ಷಗಳನ್ನು ನುಂಗಿತು. ಎರಡನೆಯ ಸಂಪುಟ 1981ರಲ್ಲಿ ಈ ಸಾಧನದಿಂದಲೇ ಅಚ್ಚಾಗಿ ಬಂತು. ಬಿಚ್ಚಿ ನೋಡಿದ ಗ್ರಂಥಕರ್ತರಿಗೆ ಮತ್ತೆ ನಿರಾಶೆ. ಅದರ ಅಂಕಿಗಳ ಆಕಾರ ಒಪ್ಪಲಿಲ್ಲ. ಈ ಬಾರಿ ದೂರಲು ಬೇರೆ ಯಾರೂ ಇರಲಿಲ್ಲ. ಹರ್ಮನ್ ಝಾಪ್‌ರಂಥ ಅಕ್ಷರಶಿಲ್ಪಿಗಳ ಬಳಿ ಕಲಿತು ಅಕ್ಷರಗಳನ್ನು ತಿದ್ದಿದರು, ಟೆಖ್ ಅನ್ನು ಮೊದಲಿನಿಂದ ಮತ್ತೆ ಬರೆದರು. ಐದು ಸಂಪುಟಗಳಲ್ಲಿ ಇಡೀ ಕೆಲಸದ ವಿವರ ಪ್ರಕಟವಾದದ್ದು 1986ರಲ್ಲಿ.

ಆ ವೇಳೆಗೆ ಗಣಿತಜ್ಞರು ಈ ಸಾಧನವನ್ನು ತಮ್ಮದಾಗಿಸಿಕೊಂಡಿದ್ದರು. ಕ್ನೂತ್ ಹಣ ಕೇಳಲಿಲ್ಲ. ಬದಲಾಯಿಸಿದವರು ಬೇರೆ ಹೆಸರಿಟ್ಟುಕೊಳ್ಳಲಿ ಎಂಬುದಷ್ಟೇ ಅವರ ಕೋರಿಕೆ. ತಪ್ಪು ಹುಡುಕಿಕೊಟ್ಟವರಿಗೆ ಬಹುಮಾನವನ್ನೂ ಇಟ್ಟರು. ವರ್ಷವರ್ಷಕ್ಕೆ ಇಮ್ಮಡಿಯಾಗುತ್ತ ಅದು 327 ಡಾಲರ್ 68 ಸೆಂಟಿಗೆ ನಿಂತಿತು. ತಿದ್ದಿದಾಗಲೆಲ್ಲ ಟೆಖ್‌ನ ಆವೃತ್ತಿಸಂಖ್ಯೆಗೆ ‘ಪೈ’ಯ ಇನ್ನೊಂದು ಅಂಕಿ ಸೇರುತ್ತದೆ, 2021ರಲ್ಲಿ ಅದು 3.141592653 ಆಯಿತು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಯಾವ ಗ್ರಂಥದ ಅಂದಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ ಗ್ರಂಥವೇ ಹಿಂದೆ ಬಿತ್ತು. ಮೂರನೆಯ ಸಂಪುಟವಾದ 38 ವರ್ಷಗಳ ಮೇಲೆ, 2011ರಲ್ಲಿ, ನಾಲ್ಕನೆಯದರ ಮೊದಲ ಭಾಗ ಬಂತು. ಎರಡನೆಯ ಭಾಗ 2022ರಲ್ಲಿ. ವಿಳಂಬಕ್ಕೆ ಟೆಖ್ ಒಂದೇ ಕಾರಣವಲ್ಲ, ಆದರೆ ಅದರ ಪಾಲು ಸಣ್ಣದೂ ಅಲ್ಲ. ಇದು ಸರಿಯಾದ ವಿನಿಮಯವೇ ಎಂದು ಯಾರಾದರೂ ಕೇಳಿದರೆ ನಾವು ಹೌದೆನ್ನುವೆವು; ಆದರೆ ಗಟ್ಟಿಯಾಗಿ ಹೇಳುವಷ್ಟು ಧೈರ್ಯವಿಲ್ಲ.

ಮೊದಲ ಟೆಖ್ ಇಂಗ್ಲಿಷಿನ ಕಣ್ಣಿಂದ ಲೋಕವನ್ನು ಕಂಡದ್ದು. ಕನ್ನಡದ ಒತ್ತು, ಗುಣಿತಗಳಿಗೆ ಅದರಲ್ಲಿ ತಾವಿರಲಿಲ್ಲ. 2004ರಲ್ಲಿ ಜೊನಾಥನ್ ಕ್ಯೂ ಅವರು ರಚಿಸಿದ ಝೀಟೆಖ್ ಬಂದ ಮೇಲೆ ಅದರ ಹಾದಿ ಸುಗಮವಾಯಿತು. ಅದಕ್ಕೂ ಮುಂಚೆಯೇ ನಮ್ಮವರೊಬ್ಬರು ಕನ್ನಡಕ್ಕೆ ಬೇಕಾದ ಹಿಡಿಯನ್ನು ಮಾಡಿದ್ದರು. ಮುಂಬಯಿಯ ಅಚ್ಚಿನ ಉದ್ಯಮದಲ್ಲಿ ದುಡಿದ ಕೆ. ಪಿ. ರಾವ್ ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಅವರ ಕೀಲಿಮಣೆಯಲ್ಲಿ ಅಕ್ಷರದ ಆಕಾರಗಳನ್ನು ಹುಡುಕಬೇಕಾಗಿಲ್ಲ. ನುಡಿದ ಕ್ರಮದಲ್ಲಿ ಧ್ವನಿಗಳನ್ನು ಒತ್ತುತ್ತ ಹೋದರೆ ಸಾಕು. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲಿಯೇ ಕನ್ನಡವೆಲ್ಲ ಅಡಗಿತು. ‘ಎಫ್’ ಎಂಬ ಕೀಲಿಯನ್ನು ಒತ್ತಿದೊಡನೆ ಹಿಂದಿನ ವ್ಯಂಜನದ ಸ್ವರ ಕಳಚಿ, ಮುಂದೆ ಬರುವ ವ್ಯಂಜನವು ತಾನಾಗಿ ಒತ್ತಕ್ಷರವಾಗಿ ಕೆಳಗೆ ಕೂರುತ್ತದೆ.