ಅಳಿದ ಚಿತ್ರಗಳು, ಉಳಿದ ಸುರುಳಿಗಳು

ಓಲೆಗರಿಯ ಗ್ರಂಥವೊಂದರ ಎರಡು ಪ್ರತಿಗಳು ಅಕ್ಷರಶಃ ಒಂದೇ ಆಗಿರುವುದು ಅಪೂರ್ವ. ಲಿಪಿಕಾರರ ಕೈ ಬದಲಾದಂತೆ ಪಾಠವೂ ಬದಲಾಗುತ್ತದೆ. ಆದುದರಿಂದಲೇ ನಮ್ಮ ಗ್ರಂಥಸಂಪಾದಕರು ಹುಳು ತಿಂದ ಪ್ರತಿಯನ್ನೂ ಆದರದಿಂದ ಕಂಡರು. ಇಟಲಿಯ ಆರಂಭಕಾಲದ ಚಲನಚಿತ್ರಗಳನ್ನು ಅರಸುವ ಸಂಗ್ರಾಹಕರ ಆಸಕ್ತಿಯನ್ನೂ ನಾವು ಇದೇ ದಾರಿಯಿಂದ ಅರಿಯಬಹುದು.

1911ರ ‘ಲಿನ್‌ಫೆರ್ನೊ’, 1913ರ ‘ಕ್ವೊ ವಾಡಿಸ್’, 1914ರ ‘ಕಬೀರಿಯಾ’ ದೇಶದೇಶಗಳಲ್ಲಿ ಸಂಚರಿಸಿದ ಮೂಕಿ ಚಿತ್ರಗಳು. ಹೋದಲ್ಲೆಲ್ಲ ನಡುನಡುವೆ ಬರುವ ಬರಹಗಳ ಭಾಷೆ ಬದಲಾಗುತ್ತಿತ್ತು. ದೃಶ್ಯಗಳು ಕತ್ತರಿಗೆ ಸಿಕ್ಕುವುದೂ ಇತ್ತು. ಹೀಗಾಗಿ ಉಳಿದ ಒಂದೊಂದು ಪ್ರತಿಯೂ ಒಂದು ಪಾಠಾಂತರವೇ. ಅಂದಿನ ಫಿಲ್ಮು ನೈಟ್ರೇಟಿನದು: ಬೇಗ ಹೊತ್ತಿಕೊಳ್ಳುವಂಥದು, ಇಟ್ಟಲ್ಲಿಯೇ ಕೊಳೆತು ಪುಡಿಯಾಗುವಂಥದು. ಅದರೊಳಗಿನ ಬೆಳ್ಳಿಯ ಆಸೆಗೆ ಸುರುಳಿಗಳನ್ನೇ ನಾಶಮಾಡಿದವರೂ ಉಂಟು. ಉಳಿದುದರ ಬೆಲೆ ಏರಿದ್ದು ಹೀಗೆ.

ಇದು ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಕಲ್ಕತ್ತದ ಮದನ್ ಸಂಸ್ಥೆಯು 1920ರಲ್ಲಿ ‘ನಳ ದಮಯಂತಿ’ಯನ್ನು ಇಟಲಿಯ ಯುಜೆನಿಯೊ ದೆ ಲಿಗುವೊರೊ ಅವರಿಂದ ನಿರ್ದೇಶನ ಮಾಡಿಸಿತು. ಬಳಿಕ ಇಟಲಿಯ ಸಹಯೋಗದಲ್ಲಿ ತಯಾರಾದ ‘ಸಾವಿತ್ರಿ’ಯಲ್ಲಿ ನಮ್ಮ ಪುರಾಣದ ಸತಿಯ ಪಾತ್ರ ವಹಿಸಿದವರು ಇಟಲಿಯ ನಟಿ ರೀನಾ ದೆ ಲಿಗುವೊರೊ.

ಇಲ್ಲಿ ಆಲ್ಕಾಪುರಿಗೆ ಅನತಿದೂರದಲ್ಲಿರುವ ಬರೋಡೆಯ ಕಲಾಭವನದಲ್ಲಿ ಕಲಿತವರು ದಾದಾಸಾಹೇಬ ಫಾಲ್ಕೆ. ಅವರ ‘ರಾಜಾ ಹರಿಶ್ಚಂದ್ರ’ (1913) ನಾಲ್ಕು ಸುರುಳಿಗಳ ಚಿತ್ರ. ಇಂದು ಉಳಿದಿರುವುದು ಮೊದಲನೆಯದು ಮತ್ತು ಕೊನೆಯದು ಮಾತ್ರ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಅಲ್ಲಿ ದುಡಿದ ಪಿ. ಕೆ. ನಾಯರ್ ಅವರ ಹಟದಿಂದ ಎಷ್ಟೋ ಹಳೆಯ ಚಿತ್ರಗಳು ಉಳಿದುಕೊಂಡವು.

ಕನ್ನಡದ ಮೊದಲ ವಾಕ್ಚಿತ್ರಕ್ಕೆ ಆ ಭಾಗ್ಯವಿರಲಿಲ್ಲ. ವೈ. ವಿ. ರಾವ್ ನಿರ್ದೇಶನದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯನಾಯ್ಡು ಅವರ ಇಂದ್ರಜಿತು, ಆರ್. ನಾಗೇಂದ್ರರಾಯರ ರಾವಣ, ತ್ರಿಪುರಾಂಬಾ ಅವರ ಸುಲೋಚನೆ ಇವರನ್ನು ನಾವು ಇಂದು ಓದಿ ತಿಳಿಯಬಹುದೇ ಹೊರತು ನೋಡುವಂತಿಲ್ಲ. ಅವರಾಡಿದ ಕನ್ನಡವನ್ನು ಕೇಳುವಂತಿಲ್ಲ. ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಮಾತ್ರ ಇಟಲಿಯ ಬೊಲೊನ್ಯಾದಲ್ಲಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅದರ ನೆಗೆಟಿವ್ ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು.

ಸಂಗ್ರಾಹಕರ ಹವ್ಯಾಸವನ್ನು ಲೋಭವೆಂದು ಜರೆಯುವುದು ಸುಲಭ. ‘ಸತಿ ಸುಲೋಚನಾ’ಗೆ ಅಂಥ ಲೋಭಿಯೊಬ್ಬ ದೊರೆತಿದ್ದರೆ ನಮ್ಮ ನಷ್ಟ ತಪ್ಪುತ್ತಿತ್ತು. ಹಳೆಯ ಟೂರಿಂಗ್ ಟಾಕೀಸಿನವರ ಅಟ್ಟದ ಮೇಲೆ ತುಕ್ಕು ಹಿಡಿದ ತಗಡಿನ ಡಬ್ಬಿ ಕಂಡರೆ, ಗುಜರಿಗೆ ಹಾಕುವ ಮೊದಲು ಅದರಲ್ಲಿ ಏನಿದೆಯೆಂದು ಬಲ್ಲವರಿಗೆ ತೋರಿಸುವುದು ನಮ್ಮೆಲ್ಲರ ಹೊಣೆ.