ದನಕ್ಕೆ ದೊಡ್ಡಿ ಇತ್ತು, ಕೋಳಿಗೆ ಏನಿತ್ತು?

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಮುಂಗಾರು ಬಿತ್ತನೆ ಶುರುವಾದರೆ ಪಕ್ಕದ ಮನೆ ಕೋಳಿ ಜಗಳವೂ ಶುರು. ಕೇಳೋರಿಗೆ ಇದು ನಗೆಪಾಟಲು. ಆದರೆ ಕಡ್ಲೆಕಾಯಿ ಬಿತ್ತಿದವನಿಗೆ ಗೊತ್ತು. ಎಕರೆಗೆ 40 ಕೆ.ಜಿ.ಗೂ ಮೇಲೆ ಬೀಜ ಹಾಕಿರ್ತೀವಿ. ಮೊಳಕೆ ಮಣ್ಣು ಸೀಳೋ ಹೊತ್ತಿಗೆ ಹತ್ತು ಕೋಳಿ ಸಾಲು ಹಿಡಿದು ಕೆದಕಿದರೆ, ಮತ್ತೆ ಬಿತ್ತೋಣ ಅಂದರೆ ಭೂಮಿಯಲ್ಲಿ ಹದ ಇರಲ್ಲ. ಒಂದು ಸಾಲು ಹೋದರೆ ಆ ವರ್ಷಕ್ಕೆ ಹೋದಂಗೇ.

"ಇದಕ್ಕೆ ಕಾನೂನು ಇಲ್ವೇನಣ್ಣ?" ಅಂತ ಹುಡುಗರು ಕೇಳ್ತಾರೆ. ಈ ಸಲದ ಬರಹ ಅದರ ಮೇಲೆ. ದನಕ್ಕೆ ಕಾನೂನು ಇತ್ತು, ಈಗಲೂ ಇದೆ. ಅದರ ಚರಿತ್ರೆ ತಿಳಿದರೆ ಕೋಳಿ ಜಗಳ ಎಲ್ಲಿ ತೀರಬೇಕು ಅನ್ನೋದೂ ತಿಳಿಯುತ್ತೆ.

ನಮ್ಮಲ್ಲಿ ಎಷ್ಟೋ ಊರಲ್ಲಿ ವಯಸ್ಸಾದವರನ್ನ ಕೇಳಿದರೆ ದನದ ದೊಡ್ಡಿ ಇದ್ದ ಜಾಗ ತೋರಿಸ್ತಾರೆ. ಪಾವಗಡದ ಕಡೆ ತೆಲುಗು ಮಾತಾಡೋರು ಬಂದೆಲದೊಡ್ಡಿ ಅಂತಾರೆ. ಬೆಳೆ ಮೇಯ್ದ ದನವನ್ನ ಹಿಡಿದು ಕೂಡೋ ಜಾಗ ಅದು. ಇದಕ್ಕೆ ಆಧಾರ 1871ರ ಜಾನುವಾರು ಅತಿಕ್ರಮಣ ಕಾಯ್ದೆ. ಆಗ ನಮ್ಮ ಮೈಸೂರು ಸಂಸ್ಥಾನವೂ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು.

ಆ ಕಾಯ್ದೆ ರೈತನ ಕೈಗೆ ಒಂದು ಬಲ ಕೊಟ್ಟಿತ್ತು. ಬೆಳೆ ಹಾಳು ಮಾಡ್ತಿರೋ ದನವನ್ನ ಹೊಲದವನೇ ಹಿಡೀಬಹುದು. ಆದರೆ ಮನೇಲಿ ಕಟ್ಟಿಕೊಳ್ಳೋ ಹಾಗಿಲ್ಲ, 24 ಗಂಟೆಯೊಳಗೆ ದೊಡ್ಡಿಗೆ ಹೊಡೀಬೇಕು. ದನದ ಯಜಮಾನ ದಂಡ ಮತ್ತು ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ಯಾರೂ ಬರದಿದ್ದರೆ ಡಂಗುರ ಹೊಡೆಸಿ ಹರಾಜು. ಹಿಡಿದ ದನವನ್ನ ಬಲವಂತವಾಗಿ ಬಿಡಿಸಿಕೊಂಡು ಹೋದರೆ ಅದೇ ಒಂದು ಅಪರಾಧ. ಮೊದಲು ಇಟ್ಟ ದಂಡದ ಪಟ್ಟಿ ನೋಡಿ: ಆನೆಗೆ 2 ರೂಪಾಯಿ, ಎಮ್ಮೆಗೆ 8 ಆಣೆ, ಹಸು ಎತ್ತಿಗೆ 4 ಆಣೆ, ಕರು ಕತ್ತೆ ಹಂದಿಗೆ 2 ಆಣೆ, ಕುರಿ ಮೇಕೆಗೆ 1 ಆಣೆ. ಒಂಟೆಯನ್ನೂ ಬಿಟ್ಟಿಲ್ಲ.

ಆ ಪಟ್ಟಿಯಲ್ಲಿ ಕೋಳಿ ಇಲ್ಲ! ನಮ್ಮ ಸೀಮೆಯಲ್ಲಿ ಒಂಟೆ ಹೊಲಕ್ಕೆ ನುಗ್ಗಿದ್ದನ್ನ ಕಂಡವರು ಯಾರು? ಕೋಳಿ ನುಗ್ಗದ ಹಿತ್ತಲು ಯಾವುದು? ಆದರೂ ಕಾನೂನಿಗೆ ಒಂಟೆ ಕಂಡಿತು, ಕೋಳಿ ಕಾಣಲಿಲ್ಲ.

ಯಾಕೆ ಅಂತ ಯೋಚಿಸಿದರೆ ನನಗನ್ನಿಸೋದು ಇಷ್ಟು. ಸರ್ಕಾರಕ್ಕೆ ಬೇಕಿದ್ದದ್ದು ಕಂದಾಯ. ಒಂದು ಹಿಂಡು ದನ ಒಂದು ರಾತ್ರಿ ನುಗ್ಗಿದರೆ ಹೊಲ ಬೋಳು, ಕಂದಾಯಕ್ಕೂ ಸಂಚಕಾರ. ಕೋಳಿ ಮಾಡೋ ಹಾನಿ ಮನೆ ಸುತ್ತಿನದ್ದು. ಇನ್ನೊಂದು, ದನ ಗಂಡಸಿನ ಆಸ್ತಿ, ಕೋಳಿ ಹೆಂಗಸಿನ ಗಂಟು. ಮೊಟ್ಟೆ, ಹುಂಜ ಸಂತೆಗೆ ಹೋದರೆ ಉಪ್ಪು, ಬಳೆ, ಮಕ್ಕಳ ಪುಸ್ತಕ ಬರ್ತಿತ್ತು. ಆ ಲೆಕ್ಕ ಪಟೇಲರ ಕಡತಕ್ಕೆ ಹೋಗಲೇ ಇಲ್ಲ.

ಇಂಗ್ಲೆಂಡಿನವರು ತಮ್ಮ ನೆಲದಲ್ಲಿ ಬೇರೆ ಥರ ಮಾಡಿಕೊಂಡರು. ಸರಿಯಾಗಿ ನೂರು ವರ್ಷ ಆದ ಮೇಲೆ, 1971ರಲ್ಲಿ, ಅಲ್ಲಿ ಬಂದ ಪ್ರಾಣಿಗಳ ಕಾಯ್ದೆಯಲ್ಲಿ ದನ ಕುರಿ ಜೊತೆ ಕೋಳಿಯನ್ನೂ ಹೆಸರು ಹಿಡಿದು ಸೇರಿಸಿದ್ದಾರೆ. ಪಕ್ಕದವನ ಜಾಗಕ್ಕೆ ನುಗ್ಗಿ ಹಾಳು ಮಾಡಿದರೆ ಸಾಕಿದವನೇ ನಷ್ಟ ತುಂಬಬೇಕು. ನಮ್ಮಲ್ಲಿ 1966ರಲ್ಲಿ ರಾಜ್ಯದ್ದೇ ಜಾನುವಾರು ಅತಿಕ್ರಮಣ ಕಾಯ್ದೆ ಬಂತು. ಅದೂ ಜಾನುವಾರಿನ ಕಾಯ್ದೆಯೇ.

ಅಷ್ಟೊತ್ತಿಗೆ ದೊಡ್ಡಿ ನಡೆಸೋ ವ್ಯವಸ್ಥೆಯೇ ಸಡಿಲ ಆಗಿತ್ತು. ಹಿಂದೆ ಪಟೇಲ, ಶಾನುಭೋಗ, ತಳವಾರ, ಬೆಳೆ ಕಾಯೋ ತೋಟಿ ಎಲ್ಲ ವಂಶಪಾರಂಪರ್ಯ. 1961ರ ಕಾಯ್ದೆಯಿಂದ ಆ ಹುದ್ದೆಗಳು ರದ್ದಾದವು, 1963ರಿಂದ ಜಾರಿ. ಹಾಗೆ ಹೋಗಿದ್ದು ಒಳ್ಳೇದೇ, ತೋಟಿಯ ಮಗ ತೋಟಿಯಾಗೇ ಸಾಯಬೇಕಾಗಿಲ್ಲ. ಆದರೆ ಹೊಲ ಕಾಯೋನೂ ಹೋದ, ಆ ಜಾಗಕ್ಕೆ ಇನ್ನೊಬ್ಬ ಬರಲಿಲ್ಲ.

ಸರಿ, ಕಾನೂನೇ ಇಲ್ಲದ ಕೋಳಿ ಜಗಳ ಹೇಗೆ ತೀರ್ತಿತ್ತು? ವಾಡಿಕೆಯಿಂದ. ನಮ್ಮ ಹಿರೀಕರು ನಡೆಸಿಕೊಂಡು ಬಂದದ್ದನ್ನ ನಾನು ಕಂಡಷ್ಟು ಹೇಳ್ತೀನಿ. ರಾಗಿ ಒಟ್ಲು ಹಾಕಿದವನು ಅದರ ಮೇಲೆ ಜಾಲಿ ಮುಳ್ಳು ಹರಡಬೇಕು, ಅದು ಒಟ್ಲಿನವನ ಜವಾಬ್ದಾರಿ. ಹಟ್ಟಿ ಪಕ್ಕದ ಹೊಲಕ್ಕೆ ಬಿತ್ತನೆ ಬಿದ್ದರೆ ಮೊಳಕೆ ಬಲಿಯೋವರೆಗೂ ಕೋಳಿಯನ್ನ ಮಂಕರಿ ಕೆಳಗೆ ಮುಚ್ಚಬೇಕು, ಅದು ಕೋಳಿಯವರ ಜವಾಬ್ದಾರಿ. ಕಾಳು ಒಣಗೋಕೆ ಹಾಕಿದರೆ ಅಜ್ಜಿ ಕೋಲು ಹಿಡಿದು ಕೂರೋದು. ಕೋಳಿ ಕಾಲಿಗೆ ಬಣ್ಣದ ಬಟ್ಟೆ ಕಟ್ಟಿ ಗುರುತು ಮಾಡೋದು. ನಿನ್ನ ಹುಲ್ಲಿನ ಬಣವೇಲಿ ಪಕ್ಕದ ಹ್ಯಾಟೆ ಮೊಟ್ಟೆ ಇಟ್ಟರೆ ಅದು ಆ ಮನೆಗೇ ಹೋಗಬೇಕು. ಸುಗ್ಗಿ ಮುಗಿದು ಕಣ ಎದ್ದ ಮೇಲೆ ಯಾರ ಕೋಳಿ ಎಲ್ಲಿ ಮೇದರೂ ಕೇಳೋರಿಲ್ಲ. ಬಿತ್ತನೆಯಲ್ಲಿ ಬಿಗಿ, ಸುಗ್ಗೀಲಿ ಸಡಿಲ.

ಈ ವಾಡಿಕೆ ಕೆಟ್ಟಿದ್ದು ಹೇಗೆ? ಬೋರ್‌ವೆಲ್ ಬಂತು, ಊರೊಳಗಿದ್ದ ಮನೆ ತೋಟಕ್ಕೆ ಬಂತು. ಹಿಂದೆ ಕೋಳಿಗೂ ಹೊಲಕ್ಕೂ ನಡುವೆ ಒಂದು ಊರು ಇರ್ತಿತ್ತು, ಈಗ ಒಂದು ಬದು. ಕೊರಟಗೆರೆ ಕಡೆ ಅಡಿಕೆ ಸಸಿ ಬುಡ, ನಮ್ಮ ಕಡೆ ಹೂವು, ತರಕಾರಿ ಮಡಿ, ವರ್ಷಪೂರ್ತಿ ನೀರಾಡೋ ಮೆತ್ತನೆ ಮಣ್ಣು. ಕೋಳಿಗೆ ಇನ್ನೇನು ಬೇಕು? ಸುಗ್ಗಿಯ ಸಡಿಲ ಅನ್ನೋ ಕಾಲವೇ ಇಲ್ಲ. ಇತ್ತ ಕೋಳಿಯೂ ಬದಲಾಯ್ತು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ತಳಿ 1989ರಲ್ಲಿ ಬಿಡುಗಡೆಯಾಗಿ ಹಿತ್ತಲಿಗೆ ಬಂತು. ವರ್ಷಕ್ಕೆ 130ರಿಂದ 150 ಮೊಟ್ಟೆ, ನಾಟಿಗಿಂತ ದಪ್ಪ ಮೈ. ನಾಲ್ಕು ಕೋಳಿ ಇದ್ದ ಮನೇಲಿ ಇಪ್ಪತ್ತು, ಮೂವತ್ತು ಆದವು.

ಈಗ ಮುಖ್ಯ ವಿಷಯ. ಸಿಟ್ಟಲ್ಲಿ ಕೆಲವರು ಕಾಳಿಗೆ ಔಷಧಿ ಬೆರೆಸಿ ಬದುವಿನ ಮೇಲೆ ಚೆಲ್ಲೋ ಮಾತಾಡ್ತಾರೆ. ದಯವಿಟ್ಟು ಬೇಡ. ನುಗ್ಗಿದ ಕೋಳಿಗೆ ಕಾನೂನು ಇಲ್ಲ ನಿಜ, ಆದರೆ ಕೊಂದವನಿಗೆ ಕಾನೂನು ಇದೆ. 1860ರ ದಂಡಸಂಹಿತೆಯಲ್ಲೇ 10 ರೂಪಾಯಿ ಮೇಲೆ ಬೆಲೆಬಾಳೋ ಪ್ರಾಣಿಯನ್ನ ಹಾನಿ ಮಾಡಬೇಕಂತಲೇ ಕೊಂದರೆ ಎರಡು ವರ್ಷದವರೆಗೆ ಜೈಲು ಅಂತಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅದನ್ನ ಐದು ವರ್ಷಕ್ಕೆ ಏರಿಸಿದೆ, ವಿಷ ಹಾಕೋದನ್ನ ಹೆಸರು ಹೇಳಿಯೇ ಸೇರಿಸಿದೆ. ಸಾಲದ್ದಕ್ಕೆ ನಮ್ಮ ಹೊಲಗಳಲ್ಲಿ ನವಿಲು ತಿರುಗ್ತವೆ. ಕಾಳಿಗೆ ಕೋಳಿ ಯಾವುದು ನವಿಲು ಯಾವುದು ಗೊತ್ತಾಗಲ್ಲ. ನವಿಲು ಸತ್ತರೆ 1972ರ ವನ್ಯಜೀವಿ ಕಾಯ್ದೆ, ಅದರಲ್ಲೂ ಮೊದಲ ಪಟ್ಟಿ. ಆಮೇಲೆ ಪಂಚಾಯ್ತಿ ಕಟ್ಟೆ ಸಾಕಾಗಲ್ಲ, ಕೋರ್ಟಿಗೇ ಅಲೀಬೇಕು.

ನಮ್ಮ ಬದುವಿನ ಆಚೆ ಮನೆಯವರದ್ದೂ ಇಪ್ಪತ್ತು ಕೋಳಿ. ಎರಡು ವರ್ಷದ ಹಿಂದೆ ಬಿತ್ತೋಕೆ ನಾಲ್ಕು ದಿನ ಮುಂಚೆ ನಮ್ಮನೆಯವಳೂ ನಾನೂ ಹೋಗಿ ಕೂತು ಮಾತಾಡಿದ್ವಿ. "ಸೋಮವಾರ ಕಡ್ಲೆಕಾಯಿ ಬಿತ್ತುತೀವಿ, ಹತ್ತು ಹನ್ನೆರಡು ದಿನ ಕೋಳಿ ಮುಚ್ಚಿಡಮ್ಮ" ಅಂದಳು ಇವಳು. "ಮುಚ್ಚಾಕೆ ನಮಗೆ ಜಾಗ ಎಲ್ಲೈತಕ್ಕ?" ಅಂದಳು ಆಯಮ್ಮ. ನಮ್ಮಲ್ಲಿ ಹಳೇ ನೆರಳು ಬಲೆ ಇತ್ತು, ಅವರಲ್ಲಿ ಗಳು ಇದ್ದವು. ಒಂದು ಮಧ್ಯಾಹ್ನದಲ್ಲಿ ಗೂಡಾಯ್ತು. ಸಂಜೆ ನಾಲ್ಕರ ಮೇಲೆ ಬಿಡೋದು ಅಂತ ಮಾತಾಯ್ತು. ಹೊತ್ತು ಮುಳುಗೋ ಮುಂಚೆ ಕೋಳಿ ಗೂಡು ಬಿಟ್ಟು ದೂರ ಹೋಗಲ್ಲ.

ಇನ್ನೊಂದು ಲಾಭವೂ ಇದೆ. ಕೊಕ್ಕರೆ ರೋಗ ಬದು ನೋಡಿ ನಿಲ್ಲಲ್ಲ, ಅವರ ಕೋಳಿಗೆ ಬಂದರೆ ನಿಮ್ಮದಕ್ಕೂ ಬರುತ್ತೆ. ಲಸಿಕೆ ಸೀಸೆ ಒಮ್ಮೆ ಕಲಸಿದರೆ ಇಟ್ಟುಕೊಳ್ಳೋ ಹಾಗಿಲ್ಲ, ಒಂದು ಸೀಸೆ ನೂರು ಕೋಳಿಗೆ ಆಗುತ್ತೆ. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಹಾಕಿಸಿದರೆ ಎಲ್ಲರದ್ದೂ ಉಳಿಯುತ್ತೆ. ಕೋಳಿ ವಿಷಯಕ್ಕೆ ಮಾತು ಬಿಟ್ಟವರು ಲಸಿಕೆಗೆ ಒಟ್ಟು ಸೇರೋದು ಹೇಗೆ?

ದನಕ್ಕೆ ಸರ್ಕಾರ ದೊಡ್ಡಿ ಕಟ್ಟಿಸಿತ್ತು, ಅದು ಬಿದ್ದು ಹೋಯ್ತು. ಕೋಳಿಗೆ ಇದ್ದದ್ದು ಬಾಯಿಮಾತಿನ ಬೇಲಿ. ಅದನ್ನ ಬಿತ್ತೋಕೆ ಮುಂಚೆ ಹಾಕಬೇಕು, ಕೆದಕಿದ ಮೇಲೆ ಹಾಕಿದರೆ ಅದು ಜಗಳ. ನಿಮ್ಮೂರಲ್ಲಿ ದನದ ದೊಡ್ಡಿ ಎಲ್ಲಿತ್ತು, ಕೋಳಿಗೆ ಯಾವ ವಾಡಿಕೆ ಇತ್ತು, ಮನೇಲಿ ಹಿರಿಯರಿದ್ದರೆ ಈಗಲೇ ಕೇಳಿಟ್ಟುಕೊಳ್ಳಿ.